ಪಿಆರ್ ಕಚೇರಿಗೆ ಹೊಸದಾಗಿ ಸೇರುವವರಿಗೆ

ಬೆಂಗಳೂರಿನ ಪಿಆರ್ ಸಂಸ್ಥೆಯೊಂದರಲ್ಲಿ ಆಡಳಿತ ಸಹಾಯಕರಾಗಿ ಸೇರುತ್ತಿದ್ದೀರಾ? ಬೆಳಗಿನ ಮೊದಲ ಕೆಲಸ ಬಹುಶಃ ಪತ್ರಿಕೆಗಳನ್ನು ತಿರುವಿ, ಗ್ರಾಹಕರ ಸುದ್ದಿ ಬಂದಿದೆಯೇ ಎಂದು ಹುಡುಕುವುದು. ಅದನ್ನು ಬರೀ ಗುಮಾಸ್ತಿಕೆ ಅಂದುಕೊಳ್ಳಬೇಡಿ. ಪ್ರಜಾವಾಣಿ, ಉದಯವಾಣಿ, ವಿಜಯ ಕರ್ನಾಟಕಗಳನ್ನು ದಿನವೂ ಗಮನವಿಟ್ಟು ಓದಿದರೆ, ಯಾವ ಸುದ್ದಿ ಯಾವ ಪುಟಕ್ಕೆ, ಯಾವುದು ಕಸದ ಬುಟ್ಟಿಗೆ ಎಂಬುದು ತಾನಾಗಿ ತಿಳಿಯುತ್ತದೆ.

ವರದಿಗಾರರ ಪಟ್ಟಿಯೂ ನಿಮ್ಮ ಕೈಗೇ ಬರುತ್ತದೆ. ಅವರು ಪತ್ರಿಕೆ ಬದಲಿಸುತ್ತಾರೆ, ವಿಭಾಗ ಬದಲಿಸುತ್ತಾರೆ. ಪಟ್ಟಿಯನ್ನು ಆಗಾಗ ಸರಿಪಡಿಸಿ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಫೋನ್ ಮಾಡಿ ಕಾಡಬೇಡಿ.

ಕನ್ನಡ ಚೆನ್ನಾಗಿ ಬರುತ್ತದೆಯೇ? ದಯವಿಟ್ಟು ಮುಚ್ಚಿಡಬೇಡಿ. ಇಂಗ್ಲಿಷ್ ಪ್ರಕಟಣೆಯನ್ನು ಯಂತ್ರಕ್ಕೆ ಹಾಕಿ ತೆಗೆದ ಕನ್ನಡವನ್ನು ಉಪಸಂಪಾದಕರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಹೆಸರು, ಹುದ್ದೆ, ಊರು ಸರಿಯಿರುವ, ಓದಿದೊಡನೆ ಅರ್ಥವಾಗುವ ಒಂದು ಪುಟ ಬರೆದುಕೊಡಿ. ಮೇಲಿನವರೇ ನಿಮ್ಮ ಮೇಜು ಹುಡುಕಿಕೊಂಡು ಬರುತ್ತಾರೆ. ಪತ್ರಿಕೆಗಳಿಗೆ ಪ್ರಕಟಣೆಯನ್ನು ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ.

ಇನ್ನೊಂದು ಮಾತು, ಇದು ಗಂಭೀರವಾದದ್ದು. ಷೇರುಪೇಟೆಯಲ್ಲಿರುವ ಕಂಪನಿಯ ಹಣಕಾಸು ಫಲಿತಾಂಶ ಪ್ರಕಟವಾಗುವ ಮುನ್ನವೇ ನಿಮ್ಮ ಕಣ್ಣಿಗೆ ಬೀಳಬಹುದು. ಮನೆಯವರ ಹತ್ತಿರವೂ ಬಾಯಿಬಿಡಬೇಡಿ. ಅಂಥ ಮಾಹಿತಿ ಹಂಚುವುದನ್ನು ಷೇರುಪೇಟೆ ನಿಯಂತ್ರಕ ಸೆಬಿಯ 2015ರ ನಿಯಮಗಳು ನಿಷೇಧಿಸಿವೆ.