ಶಾಲೆಯ ತಪಾಸಣೆ: ಪೋಷಕರು ನೋಡಬೇಕಾದದ್ದು ಏನು?

ಉಕ್ಕಿನ ಕಾರ್ಖಾನೆ, ನೌಕಾಪಡೆ, ಬಂದರು, ಬ್ಯಾಂಕು ಎಂದು ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ವರ್ಗವಾಗಿ ಹೋಗುವ ಕನ್ನಡ ಕುಟುಂಬಗಳಿಗೆ ಬಾಡಿಗೆ ಮನೆ ಸಿಕ್ಕ ಮೇಲೆ ಉಳಿಯುವ ದೊಡ್ಡ ಚಿಂತೆ ಹೈಸ್ಕೂಲಿನದು. ಎರಡೂ ಊರುಗಳಲ್ಲಿ ರ‍್ಯಾಂಕ್ ಬಂದ ಮಕ್ಕಳ ಫೋಟೊ ತುಂಬಿದ ಫಲಕಗಳು ಕಣ್ಣಿಗೆ ರಾಚುತ್ತವೆ. ತಪಾಸಣೆಗೆ ಬರುವ ಅಧಿಕಾರಿ ಆ ಫಲಕಗಳಿಂದ ಶಾಲೆಯನ್ನು ಅಳೆಯುವುದಿಲ್ಲ. ಅವರು ನೋಡುವುದರಲ್ಲಿ ಬಹುಪಾಲನ್ನು ನೀವೂ ನೋಡಬಹುದು.

ಸಿಬಿಎಸ್ಇ ಶಾಲೆಯಾದರೆ ಅದರ ಜಾಲತಾಣದಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕಾದ ಮಾಹಿತಿ ಪುಟ ಇರುತ್ತದೆ. ಕಟ್ಟಡ ಸುರಕ್ಷತೆ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ನೀರು–ಶೌಚಾಲಯದ ಪ್ರಮಾಣಪತ್ರ, ಶಿಕ್ಷಕರ ಸಂಖ್ಯೆ, ಆಪ್ತಸಮಾಲೋಚಕರ ವಿವರ, ಮೂರು ವರ್ಷಗಳ ಹತ್ತನೇ ತರಗತಿ ಫಲಿತಾಂಶ, ಶಾಲೆಯ ಸೌಕರ್ಯ ತೋರಿಸುವ ತಪಾಸಣಾ ವಿಡಿಯೊ, ಎಲ್ಲವೂ ಅಲ್ಲಿರಬೇಕು. ಪ್ರಮಾಣಪತ್ರ ತೆರೆದು ಅವಧಿ ಮುಗಿದಿದೆಯೇ ನೋಡಿ. ಒಂದು ಸೆಕ್ಷನ್‌ಗೆ ಸಾಮಾನ್ಯ ಮಿತಿ 40 ಮಕ್ಕಳು. ಪ್ರತಿ ಸೆಕ್ಷನ್‌ಗೆ ಒಂದೂವರೆ ಶಿಕ್ಷಕರಂತೆ ಇರಬೇಕು ಎಂಬುದು ಮಂಡಳಿಯ ನಿಯಮ. ಪುಟವೇ ಖಾಲಿ ಇದ್ದರೆ ಅದೂ ಒಂದು ಉತ್ತರವೇ.

ಫಲಿತಾಂಶವನ್ನು ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಶೇಕಡಾ ನೂರು ಎಂದು ಬರೆದಿರುತ್ತದೆ, ನಮಗೆ ಅಷ್ಟೇ ಸಾಕೆನಿಸುತ್ತದೆ. ಹಿಂದಿನ ವರ್ಷ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತನೇ ತರಗತಿ ಪರೀಕ್ಷೆಗೆ ಎಷ್ಟು ಮಂದಿ ಕೂತರು? ಉದಾಹರಣೆಗೆ, ಅಲ್ಲಿ 120 ಇದ್ದು ಇಲ್ಲಿ 96 ಆಗಿದ್ದರೆ ಉಳಿದ 24 ಮಕ್ಕಳು ಎಲ್ಲಿ ಹೋದರು ಎಂದು ಕೇಳಬೇಕು. ಪೋಷಕರ ವರ್ಗಾವಣೆಯಿಂದ ಕೆಲವರು ಹೋಗಿರಬಹುದು. ಆದರೆ ಓದಿನಲ್ಲಿ ಹಿಂದಿರುವವರಿಗೆ ಟಿ.ಸಿ. ಕೊಟ್ಟು ಕಳಿಸಿ ಗಳಿಸಿದ ನೂರಕ್ಕೆ ನೂರು ಶಾಲೆಯ ಬಲವಲ್ಲ, ಅದರ ದೊಡ್ಡ ದೌರ್ಬಲ್ಯ. ದೇಶದ ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆ ಇದೆ. ಶಾಲೆ ತನ್ನ ಮಕ್ಕಳ ಮತ್ತು ಶಿಕ್ಷಕರ ಲೆಕ್ಕವನ್ನು ಆ ಸಂಖ್ಯೆಯಡಿ ಸರ್ಕಾರಕ್ಕೆ ಸಲ್ಲಿಸುತ್ತದೆ. ಹಾಗಾಗಿ ಈ ಅಂಕಿ ಶಾಲೆಯ ಕೈಯಲ್ಲಿ ಇದ್ದೇ ಇರುತ್ತದೆ. ನೀವು ಕೇಳಬೇಕು ಅಷ್ಟೆ.

ಸರ್ಕಾರಿ ಶಾಲೆಗಳ ಮಾತು ಬೇರೆ. ಆಂಧ್ರದಲ್ಲಿ 2019ರ ನವೆಂಬರ್ 14ರಂದು ಶುರುವಾದ ‘ನಾಡು–ನೇಡು’ ಶಾಲಾ ಸುಧಾರಣಾ ಯೋಜನೆ ಮೊದಲ ಹಂತದಲ್ಲೇ 15,715 ಶಾಲೆಗಳನ್ನು ಕೈಗೆತ್ತಿಕೊಂಡಿತು. ನೀರಿರುವ ಶೌಚಾಲಯ, ಕುಡಿಯುವ ನೀರು, ಬೆಂಚು, ಬಣ್ಣ ಬಂದವು. ಹೆಣ್ಣುಮಕ್ಕಳು ಹೈಸ್ಕೂಲು ಬಿಡದಿರಲು ಇಂಥ ಶೌಚಾಲಯ ಎಷ್ಟು ಮುಖ್ಯ ಎಂಬುದು ಹಳ್ಳಿಯ ಶಾಲೆಗಳನ್ನು ಬಲ್ಲವರಿಗೆ ಗೊತ್ತು. ಗೋಡೆ ಹೊಸದಾದಷ್ಟು ಬೇಗ ಕಲಿಕೆ ಸುಧಾರಿಸುವುದಿಲ್ಲ ಎಂಬುದೂ ಅಷ್ಟೇ ನಿಜ. 2015ರಲ್ಲಿ ಕೇಂದ್ರ ಸರ್ಕಾರ ತಂದ ‘ಶಾಲಾ ಸಿದ್ಧಿ’ ಮೌಲ್ಯಮಾಪನದ ಏಳು ವಿಭಾಗಗಳಲ್ಲಿ ಸೌಕರ್ಯ ಒಂದು ಮಾತ್ರ. ಬೋಧನೆ, ಮಕ್ಕಳ ಪ್ರಗತಿ, ಶಿಕ್ಷಕರ ಬೆಳವಣಿಗೆ, ಮುಖ್ಯೋಪಾಧ್ಯಾಯರ ನಾಯಕತ್ವ, ಸುರಕ್ಷತೆ, ಸಮುದಾಯದ ಪಾಲು ಉಳಿದವು. ಅದರಲ್ಲಿ ಶಾಲೆ ಮೊದಲು ತನ್ನನ್ನು ತಾನೇ ಅಳೆದುಕೊಂಡು, ಸುಧಾರಣಾ ಯೋಜನೆ ಬರೆದಿಡಬೇಕು. ಆ ಯೋಜನೆ ತೋರಿಸಿ ಎಂದು ಕೇಳಿ. ತನ್ನ ಕೊರತೆಯನ್ನು ಹೆಸರಿಟ್ಟು ಹೇಳುವ ಮುಖ್ಯೋಪಾಧ್ಯಾಯರ ಶಾಲೆಯನ್ನು ನಾನು ಹೆಚ್ಚು ನಂಬುತ್ತೇನೆ.

ತರಗತಿಯಲ್ಲಿ ನೋಡಬೇಕಾದ ಒಂದೇ ವಸ್ತು ಆರಿಸಿ ಎಂದರೆ ನಾನು ಗಣಿತದ ನೋಟ್‌ಬುಕ್ ಎನ್ನುತ್ತೇನೆ. ಜಾಣ ಮಗುವಿನದಲ್ಲ, ನಡುವಿನ ಬೆಂಚಿನ ಮಗುವಿನದು. ಪ್ರತಿ ಪುಟದ ಕೊನೆಗೆ ಕೆಂಪು ರೈಟ್ ಗುರುತು, ಕೆಳಗೆ ಸಹಿ, ಒಳಗೆ ಮೂರನೇ ಹೆಜ್ಜೆಯಲ್ಲಿ ಮೈನಸ್ ಬಿಟ್ಟುಹೋದದ್ದು ಹಾಗೇ ಇದೆ ಎಂದರೆ ಯಾರೂ ಓದಿಲ್ಲ. ತಪ್ಪಾದ ಹೆಜ್ಜೆಗೆ ಸುತ್ತು ಹಾಕಿ, ಮಗು ಅದೇ ಲೆಕ್ಕವನ್ನು ಕೆಳಗೆ ಮತ್ತೆ ಮಾಡಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ವೇಳಾಪಟ್ಟಿಯನ್ನೂ ನೋಡಿ. ಆರನೇ ತರಗತಿಯಿಂದಲೇ ‘ಐಐಟಿ ಫೌಂಡೇಶನ್’ ಎಂದು ಆಟ, ಗ್ರಂಥಾಲಯ, ಚಿತ್ರಕಲೆಯ ಪೀರಿಯಡ್ ನುಂಗಿದ್ದರೆ ಬೇರೆ ಶಾಲೆ ಹುಡುಕುವುದು ಒಳ್ಳೆಯದು. ಕೇಂದ್ರ ಶಿಕ್ಷಣ ಸಚಿವಾಲಯವೇ 2024ರ ಜನವರಿಯ ಮಾರ್ಗಸೂಚಿಯಲ್ಲಿ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಕ್ಕೆ ಸೇರಿಸಿಕೊಳ್ಳಬಾರದೆಂದು ಹೇಳಿದೆ.

ಕನ್ನಡದ ಮನೆಗಳಿಗೆ ಇನ್ನೊಂದು ಪ್ರಶ್ನೆ: ಎಂಟನೇ ತರಗತಿಗೆ ತೆಲುಗು ಬಾರದ ಮಗು ಬಂದರೆ ಶಾಲೆ ಏನು ಮಾಡುತ್ತದೆ? ಲಿಪಿ ನಮಗೆ ಹತ್ತಿರದ್ದು, ಮಗು ಬೇಗ ಓದಲು ಕಲಿಯುತ್ತದೆ. ಬರೆದು ಉತ್ತರಿಸಲು ತಿಂಗಳುಗಳು ಬೇಕು. ಅದಕ್ಕೆ ಹೆಚ್ಚುವರಿ ಪಾಠ ಯಾರು, ಯಾವ ಹೊತ್ತಿಗೆ ಮಾಡುತ್ತಾರೆ ಎಂದು ಹೆಸರು ಹಿಡಿದು ಹೇಳಬಲ್ಲ ಶಾಲೆ ಸಿದ್ಧವಾಗಿದೆ.

ಒಂದೇ ಪದದ ದರ್ಜೆಗೆ ಮರುಳಾಗಬೇಡಿ. ಇಂಗ್ಲೆಂಡಿನ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಇಡೀ ಶಾಲೆಗೆ ಒಂದೇ ಪದದ ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಗಣಿತದಲ್ಲಿ ಗಟ್ಟಿಯಾದ ಶಾಲೆ ಪ್ರಯೋಗಾಲಯದಲ್ಲಿ ಸೊರಗಿರಬಹುದು. ನಿಮ್ಮ ಮಗುವಿಗೆ ಯಾವುದು ಬೇಕು ಎಂಬುದು ನಿಮಗೇ ಗೊತ್ತು.

ಶುಲ್ಕ ಕಟ್ಟುವ ಮೊದಲು ಒಂದು ಬೆಳಗ್ಗೆ ಶಾಲೆಗೆ ಹೋಗಿ, ಒಂಬತ್ತು–ಹತ್ತನೇ ತರಗತಿಯ ಮಕ್ಕಳ ಸಂಖ್ಯೆ ಕೇಳಿ, ಒಂದು ನೋಟ್‌ಬುಕ್ ತೆರೆದು ನೋಡಿ. ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ಅಲ್ಲಿ ಓದಬೇಕಾದದ್ದು ಅದು.