ದುಂಡಗಿದ್ದದ್ದು ದುಂಡಗೇ ಇರಲಿ

ಮುಂಬೈಯ ಪರೇಲಿನ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ವಾರದ ಕೇಸ್ ಮೀಟಿಂಗಿಗೆ ಮೈಕ್ರೋಸ್ಕೋಪಿನ ಫೋಟೊಗಳನ್ನು ಪವರ್‌ಪಾಯಿಂಟಿಗೆ ಏರಿಸುವ ಕೆಲಸ ನನ್ನ ಪಾಲಿನದು. ಪವರ್‌ಪಾಯಿಂಟಿನಲ್ಲೇ ‘ಫೋಟೊ ಆಲ್ಬಮ್’ ಇದೆ, ಆರಿಸಿದ ಚಿತ್ರಗಳನ್ನೆಲ್ಲ ಒಮ್ಮೆಗೇ ಸ್ಲೈಡ್ ಮಾಡಿಕೊಡುತ್ತದೆ. ಮದುವೆಮನೆಗೆ ಅಷ್ಟು ಸಾಕು. ನಮಗೆ ಪ್ರತಿ ಚಿತ್ರದಡಿ ಕೇಸ್ ನಂಬರು, ಸ್ಟೇನಿನ (ಅಂಗಾಂಶಕ್ಕೆ ಹಚ್ಚಿದ ಬಣ್ಣದ) ಹೆಸರು ಬೇಕು. ಹಾಗಾಗಿ ಪೈಥಾನ್-ಪಿಪಿಟಿಎಕ್ಸ್ ಎಂಬ ಉಚಿತ ಲೈಬ್ರರಿ ಹಿಡಿದೆ.

ಪ್ರೋಗ್ರಾಮ್ ಚಿಕ್ಕದು. ಚಿತ್ರ ಕೂರಿಸುವ ಒಂದೇ ಸಾಲಿನಲ್ಲಿ ಮಾತ್ರ ಜಾಗ್ರತೆ ಬೇಕು. ಅಗಲ, ಎತ್ತರ ಎರಡನ್ನೂ ಕೊಟ್ಟರೆ ಲೈಬ್ರರಿ ಮರುಮಾತಿಲ್ಲದೆ ಚಿತ್ರವನ್ನು ಜಗ್ಗಿ ಹೊಂದಿಸುತ್ತದೆ. 4:3ರ ಫೋಟೊ 16:9ರ ಪರದೆ ತುಂಬಿದಾಗ ನೋಟವೇನೋ ಭರ್ಜರಿ, ಆದರೆ ದುಂಡಗಿನ ನ್ಯೂಕ್ಲಿಯಸ್ ಅಡ್ಡಕ್ಕೆ ಮೊಟ್ಟೆಯಾಗಿರುತ್ತದೆ. ನ್ಯೂಕ್ಲಿಯಸ್ಸಿನ ಆಕಾರ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ವಾದಿಸುವವರ ಮುಂದೆ ಅದನ್ನಿಡುವಂತಿಲ್ಲ. ಎತ್ತರವೊಂದನ್ನೇ ಕೊಟ್ಟರೆ ಅಗಲ ಅನುಪಾತದಲ್ಲಿ ತಾನಾಗಿ ಬರುತ್ತದೆ. ಎರಡು ಬದಿ ಕಪ್ಪು ಉಳಿದರೆ ಉಳಿಯಲಿ. ಫೋಟೊ ತೆಗೆಯುವಾಗಲೇ ಅದರೊಳಗೆ ಮೈಕ್ರಾನಿನ ಅಳತೆಪಟ್ಟಿಯನ್ನೂ ಅಚ್ಚೊತ್ತಿಸುತ್ತೇವೆ. ಪ್ರೊಜೆಕ್ಟರಿನ ಮೇಲೆ ‘40ಎಕ್ಸ್’ ಎಂಬ ಬರಹಕ್ಕೆ ಅಷ್ಟು ಬೆಲೆಯಿಲ್ಲ. ಪಟ್ಟಿಯಾದರೆ ಚಿತ್ರದೊಂದಿಗೇ ಹಿಗ್ಗಿ ಕುಗ್ಗುತ್ತದೆ.

ಆಪರೇಶನ್ನಿನಲ್ಲಿ ತೆಗೆದ ಅಂಗದ ಫೋಟೊಗಳು ಮೊಬೈಲಿನಿಂದ ಬರುತ್ತವೆ, ಸ್ಲೈಡಿನಲ್ಲಿ ಅಡ್ಡ ಮಲಗುತ್ತವೆ. ‘ತಿರುಗಿಸಿ ತೋರಿಸು’ ಎಂಬ ಸೂಚನೆ ಫೈಲಿನೊಳಗೆ ಇರುತ್ತದೆ, ಆದರೆ ಈ ಲೈಬ್ರರಿ ಅದನ್ನು ಓದುವುದಿಲ್ಲ. ಪಿಲ್ಲೊ ಎಂಬ ಇನ್ನೊಂದು ಲೈಬ್ರರಿಯಿಂದ ಮೊದಲೇ ನೆಟ್ಟಗೆ ಮಾಡಿಕೊಳ್ಳುತ್ತೇನೆ. ಐಫೋನಿನ ಎಚ್‌ಇಐಸಿ ಫೈಲುಗಳನ್ನು ಜೆಪೆಗ್ ಮಾಡದೆ ವಿಧಿಯಿಲ್ಲ.

ಹೆಚ್ಚು ಹೊತ್ತು ತಿಂದದ್ದು ಫೈಲಿನ ಹೆಸರು. ಕಂಪ್ಯೂಟರ್ ಅಕ್ಷರ ನೋಡಿ ಸಾಲು ಹಚ್ಚುವಾಗ 1ರ ನಂತರ 10 ಬರುತ್ತದೆ, 2 ಎಲ್ಲೋ ಹಿಂದೆ. ಹಾಗಾಗಿ 01, 02 ಎಂದೇ ಬರೆಯಬೇಕು. ಕೆಲವರು ಫೈಲಿಗೆ ರೋಗಿಯ ಹೆಸರನ್ನೇ ಇಡುತ್ತಾರೆ. ಫೈಲಿನ ಹೆಸರಿನಿಂದ ತಲೆಬರಹ ತೆಗೆಯುವ ಪ್ರೋಗ್ರಾಮ್ ಅದನ್ನು ತುಂಬಿದ ಸಭೆಗೆ ಸಾರಿಬಿಡುತ್ತದೆ. ಕೇಸ್ ನಂಬರಿನ ಅಚ್ಚಿಗೆ ಹೊಂದದ ಹೆಸರು ಸಿಕ್ಕರೆ ನನ್ನದು ಅಲ್ಲೇ ನಿಲ್ಲುತ್ತದೆ.

ಕೆಲಸ ಸಲೀಸಾದ ಮೇಲೆ ರೆಸಿಡೆಂಟರು ತೆಗೆದದ್ದನ್ನೆಲ್ಲ ಫೋಲ್ಡರಿಗೆ ಸುರಿಯತೊಡಗಿದರು, ಮೀಟಿಂಗು ಊಟದ ಹೊತ್ತಿಗೂ ಮುಗಿಯದು. ಫಿಲ್ಮ್ ಸ್ಲೈಡುಗಳ ಕಾಲದಲ್ಲಿ ಈ ಕಾಟವಿರಲಿಲ್ಲ. ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು. ಅದರ ಕ್ಯಾರೊಸೆಲ್ ತಟ್ಟೆಯಲ್ಲಿ ಸಾಮಾನ್ಯವಾಗಿ 80 ಸ್ಲೈಡಿಗಷ್ಟೇ ಜಾಗ, ಆರಿಸದೆ ಗತಿಯಿರಲಿಲ್ಲ. ಈಗ ಒಂದು ಕೇಸಿಗೆ ಎಂಟು ಚಿತ್ರ ಮೀರಿದರೆ ಪ್ರೋಗ್ರಾಮ್ ತಕರಾರು ತೆಗೆಯುವಂತೆ ಮಾಡಿದ್ದೇನೆ. ‘ದಾದಾ, ಹತ್ತಾದರೂ ಮಾಡಿ’ ಎಂದು ರೆಸಿಡೆಂಟರು ದುಂಬಾಲು ಬಿದ್ದಿದ್ದಾರೆ. ಇನ್ನೂ ಮಾಡಿಲ್ಲ.