ಅಶೋಕನ ಪಶ್ಚಾತ್ತಾಪ: ಒಂದು ವಿವೇಚನೆ

ಅರಸರ ಗುಣದೋಷಗಳನ್ನು ನಿರ್ಣಯಿಸುವುದು ಚರಿತ್ರೆಯ ಅಧ್ಯಯನದಲ್ಲಿ ಕಠಿನವಾದ ಕಾರ್ಯ. ಗೆದ್ದವನನ್ನು ಹೊಗಳುವುದು ಸುಲಭ. ಕ್ರೂರಿಯಾದವನನ್ನು ತೆಗಳುವುದೂ ಸುಲಭ. ತಾನೇ ಯುದ್ಧವನ್ನು ಸಾರಿ, ಗೆದ್ದು, ಆ ಗೆಲುವಿಗಾಗಿಯೇ ಮರುಗಿದವನ ವಿಷಯದಲ್ಲಿ ಮಾತ್ರ ತಕ್ಕಡಿ ಹಿಡಿದವನ ಕೈ ತಡೆಯುತ್ತದೆ. ಮರುಕವು ಮಾಡಿದ ಕೃತ್ಯವನ್ನು ತೊಳೆಯಬಲ್ಲುದೆ? ತೊಳೆಯಲಾರದಾದರೆ ಅದಕ್ಕೆ ಬೆಲೆಯೇ ಇಲ್ಲವೆ? ಈ ಪ್ರಶ್ನೆಗಳ ವಿಚಾರಕ್ಕೆ ಮೌರ್ಯ ಚಕ್ರವರ್ತಿ ಅಶೋಕನಿಗಿಂತ ತಕ್ಕ ನಿದರ್ಶನ ನಮ್ಮ ದೇಶದ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಆತನ ಮಾತುಗಳನ್ನು ಹೊತ್ತ ಬಂಡೆಗಳು ಕನ್ನಡ ನಾಡಿನಲ್ಲಿಯೇ ಹಲವಿರುವುದರಿಂದ ಈ ವಿಚಾರ ನಮಗೆ ದೂರದ್ದೂ ಅಲ್ಲ.

ಬೆಂಗಳೂರಿನ ಪೂರ್ವಭಾಗದ ಶಾಲೆಗಳಿಗೆ ಇದು ಇನ್ನಷ್ಟು ಹತ್ತಿರದ ವಿಷಯ. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಈ ಭಾಗದ ಬದುಕು ಸೈನ್ಯದೊಡನೆ ಹೆಣೆದುಕೊಂಡಿದೆ. ಹಲಸೂರು ಕೆರೆಯ ಬಳಿ ಮದರಾಸು ಸ್ಯಾಪರ್ಸ್ ದಳದ ಕೇಂದ್ರವಿದೆ. ಬಾಣಸವಾಡಿಯ ತರಗತಿಯೊಂದರಲ್ಲಿ ಕಳಿಂಗ ಯುದ್ಧದ ಪಾಠ ನಡೆಯುವಾಗ, ಕೇಳುವ ಮಕ್ಕಳಲ್ಲಿ ಸೈನಿಕರ ಮನೆಯವರೂ ಇರಬಹುದು. ಅವರ ಮುಂದೆ ಯುದ್ಧವೆಲ್ಲ ಪಾಪವೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಗೆಲುವೆಲ್ಲ ಕೀರ್ತಿಯೆಂದು ಬೋಧಿಸುವುದು ಅದಕ್ಕಿಂತಲೂ ಸರಿಯಲ್ಲ.

ಪ್ರಶಸ್ತಿ ಮತ್ತು ಒಪ್ಪಿಗೆ

ನಮ್ಮ ಶಾಸನಸಾಹಿತ್ಯದಲ್ಲಿ ಯುದ್ಧವು ಸಾಮಾನ್ಯವಾಗಿ ಪ್ರಶಸ್ತಿಯ ವಸ್ತು. ಬೆಂಗಳೂರು ಎಂಬ ಹೆಸರನ್ನು ಮೊದಲಿಗೆ ತಿಳಿಸುವ ಬೇಗೂರಿನ ವೀರಗಲ್ಲು, ಸುಮಾರು ಕ್ರಿ.ಶ. 890ರದು, ಒಂದು ಕಾಳಗದ ಸಂದರ್ಭದಲ್ಲಿಯೇ ಆ ಹೆಸರನ್ನು ಹೇಳುತ್ತದೆ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಗೆ ಮಣಿದವರನ್ನು ಹೆಸರಿಸುವಾಗ ಕಳಿಂಗರನ್ನೂ ಸೇರಿಸಿದ್ದಾನೆ. ಅಲಹಾಬಾದಿನ ಕಂಬದ ವಿಷಯವಂತೂ ವಿಚಿತ್ರವಾದುದು. ಅಶೋಕನ ಧರ್ಮಲಿಪಿಗಳನ್ನು ಹೊತ್ತ ಆ ಕಂಬದ ಮೇಲೆಯೇ ಸುಮಾರು ಆರು ಶತಮಾನಗಳ ಬಳಿಕ ಹರಿಷೇಣನು ರಚಿಸಿದ ಸಮುದ್ರಗುಪ್ತನ ದಿಗ್ವಿಜಯ ಪ್ರಶಸ್ತಿಯನ್ನು ಕೊರೆಯಲಾಯಿತು.

ಈ ಪರಂಪರೆಯ ಎದುರಿಗೆ ಅಶೋಕನ ಹದಿಮೂರನೆಯ ಬಂಡೆ ಶಾಸನವನ್ನಿಟ್ಟು ನೋಡಬೇಕು. ರಾಜ್ಯಾಭಿಷೇಕವಾಗಿ ಎಂಟು ವರ್ಷ ಕಳೆದಿದ್ದಾಗ, ಎಂದರೆ ಕ್ರಿ.ಪೂ. 261ರ ಸುಮಾರಿಗೆ, ಕಳಿಂಗವು ಗೆಲ್ಲಲ್ಪಟ್ಟಿತೆಂದು ಅದು ಆರಂಭವಾಗುತ್ತದೆ. ಅಲ್ಲಿಂದ ಸೆರೆಯಾಗಿ ಸಾಗಿಸಲ್ಪಟ್ಟವರು 1,50,000, ಹತರಾದವರು 1,00,000, ಬೇರೆ ರೀತಿಯಲ್ಲಿ ಮಡಿದವರು ಅದರ ಹಲವು ಪಾಲು. ಈ ಸಂಖ್ಯೆಗಳು ಎಣಿಸಿ ಬರೆದವೋ ಸ್ಥೂಲವಾಗಿ ಹೇಳಿದವೋ ಎಂಬ ಚರ್ಚೆ ಬೇರೆ. ಗಮನಿಸಬೇಕಾದುದೆಂದರೆ, ಗೆದ್ದ ಅರಸನೇ ಎದುರಾಳಿಯ ಹೆಣಗಳನ್ನು ತನ್ನ ಹೆಸರಿನಲ್ಲಿ ಲೆಕ್ಕಕ್ಕೆ ಬರೆಸಿದ್ದಾನೆ. ತಾಯಿತಂದೆಗಳಿಗೆ ವಿಧೇಯರಾಗಿ ಬಾಳುತ್ತಿದ್ದ ಗೃಹಸ್ಥರು ನೊಂದರೆಂದೂ, ತಾವು ಬದುಕಿ ಉಳಿದವರು ಕೂಡ ಸ್ನೇಹಿತರ ಮತ್ತು ಬಂಧುಗಳ ಕಷ್ಟದಿಂದ ಘಾಸಿಗೊಂಡರೆಂದೂ ಹೇಳಿಸಿದ್ದಾನೆ. ಅಂದು ಸತ್ತವರ ನೂರರಲ್ಲೊಂದು, ಸಾವಿರದಲ್ಲೊಂದು ಪಾಲು ಈಗ ನೊಂದರೂ ತನಗೆ ಅದು ದುಸ್ಸಹವೆನ್ನುತ್ತಾನೆ.

ಆದರೆ ಅದೇ ಶಾಸನದಲ್ಲಿ ಅಡವಿಯ ಜನರಿಗೆ ಒಂದು ಎಚ್ಚರಿಕೆಯೂ ಇದೆ. ಅರಸನು ಮರುಗುತ್ತಿದ್ದರೂ ಆತನಲ್ಲಿ ಬಲವಿದೆ. ಅವರು ತಪ್ಪಿಗೆ ನಾಚಿ ನಡೆದುಕೊಂಡರೆ ಸಾವಿನಿಂದ ಪಾರಾಗುವರು. ಪಶ್ಚಾತ್ತಾಪವು ಖಡ್ಗವನ್ನು ಒರೆಗೆ ಸೇರಿಸಿತು, ಕೆಳಗಿಡಲಿಲ್ಲ.

ಕನ್ನಡ ನಾಡಿನ ಬಂಡೆಗಳ ಸಾಕ್ಷ್ಯ

ರಣರಂಗದಲ್ಲಿ ಹೆಣಗಳ ನಡುವೆ ನಿಂತ ಅಶೋಕನು ಒಂದೇ ದಿನದಲ್ಲಿ ಬೇರೆ ಮನುಷ್ಯನಾದನೆಂದು ಮಕ್ಕಳಿಗೆ ಹೇಳುವ ವಾಡಿಕೆಯಿದೆ. ಶಾಸನಗಳಲ್ಲಿ ಅಂಥ ದೃಶ್ಯವಿಲ್ಲ. ಇದಕ್ಕೆ ಸಾಕ್ಷಿಯಾಗಿ ನಿಲ್ಲುವವು ನಮ್ಮ ನಾಡಿನ ಬಂಡೆಗಳೇ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಾಸನಗಳನ್ನು ಬೆಳಕಿಗೆ ತಂದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನು ಯಾರೆಂಬುದು ನಿಸ್ಸಂದೇಹವಾಯಿತು. ಈ ಕಿರು ಶಾಸನದಲ್ಲಿ ಅರಸನು ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಮೊದಲ ಒಂದು ವರ್ಷ ತಾನು ಹೆಚ್ಚು ಪ್ರಯತ್ನಿಸಲಿಲ್ಲವೆಂದೂ, ಸಂಘದ ಸಂಪರ್ಕ ಬಂದ ಬಳಿಕವೇ ಶ್ರದ್ಧೆಯಿಂದ ಶ್ರಮಿಸಿದನೆಂದೂ ಒಪ್ಪಿಕೊಳ್ಳುತ್ತಾನೆ. ಮನಸ್ಸಿನ ಮಾರ್ಪಾಡು ಮೆಲ್ಲಮೆಲ್ಲನೆ, ಆಲಸ್ಯದೊಡನೆ ಹೋರಾಡುತ್ತ ನಡೆಯಿತೆಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಸಾಕ್ಷ್ಯ ಹೆಚ್ಚು ಗಂಭೀರವಾದುದು. ಹದಿಮೂರನೆಯ ಶಾಸನವು ಗಿರ್ನಾರ್, ಕಾಲ್ಸಿ, ಶಾಹಬಾಜ್‌ಗಢಿ, ನಮ್ಮ ಗಡಿಗೆ ಸಮೀಪದ ಎರ್ರಗುಡಿ ಮೊದಲಾದೆಡೆಗಳಲ್ಲಿ ಇದೆ. ಕಂದಹಾರದಲ್ಲಿ ಅದರ ಭಾಗವು ಗ್ರೀಕ್ ಭಾಷೆಯಲ್ಲಿಯೂ ದೊರೆತಿದೆ. ಆದರೆ ಕಳಿಂಗದಲ್ಲಿಯೇ ಇರುವ ಧೌಲಿ ಮತ್ತು ಜೌಗಡಗಳ ಬಂಡೆಗಳಲ್ಲಿ ಅದು ಇಲ್ಲ! ಅಲ್ಲಿ ಹನ್ನೊಂದರಿಂದ ಹದಿಮೂರರವರೆಗಿನ ಶಾಸನಗಳನ್ನು ಬಿಟ್ಟು ಎರಡು ಪ್ರತ್ಯೇಕ ಶಾಸನಗಳನ್ನು ಬರೆಸಲಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಶಿಲೆಯೊಂದರ ಮೇಲೆ 1980ರ ದಶಕದಲ್ಲಿ ಗೋಚರವಾದವು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳು ಹಾಗೂ ಅವೇ ಎರಡು ಪ್ರತ್ಯೇಕ ಶಾಸನಗಳು. ಹದಿಮೂರನೆಯದು ಅಲ್ಲಿಯೂ ಇಲ್ಲ.

ನೊಂದವರ ನೆಲದಲ್ಲಿ ಮರುಕದ ಮಾತನ್ನು ಏಕೆ ಬರೆಸಲಿಲ್ಲ? ಗಾಯವನ್ನು ಕೆದಕಬಾರದೆಂಬ ವಿವೇಕವೆಂದು ಕೆಲವರು ಸಮಾಧಾನ ಹೇಳಬಹುದು. ಹೊಸದಾಗಿ ಗೆದ್ದ ಪ್ರಾಂತದಲ್ಲಿ ಅಧಿಕಾರ ಸಡಿಲವಾದೀತೆಂಬ ಅಂಜಿಕೆಯೆಂದು ಇತರರು ಆಕ್ಷೇಪಿಸಬಹುದು. ಎರಡಕ್ಕೂ ಆಧಾರ ಊಹೆಯೇ. ಆದರೆ ಕಳಿಂಗದವರಿಗೆ ಅರಸನು ಬಂಡೆಯ ಮೇಲೆ ಹೇಳಿಸಿದ್ದು ಬೇರೆ ಮಾತು: ಎಲ್ಲ ಮನುಷ್ಯರೂ ತನ್ನ ಮಕ್ಕಳು, ನಗರದ ಅಧಿಕಾರಿಗಳು ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಡಬಾರದು, ಹಿಂಸಿಸಬಾರದು, ಅವರ ನಡತೆಯನ್ನು ನೋಡಲು ಐದು ವರ್ಷಕ್ಕೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯನ್ನು ಕಳುಹಿಸಲಾಗುವುದು. ಕ್ಷಮೆಯ ಮಾತನ್ನು ನುಂಗಿ, ನ್ಯಾಯದ ಕ್ರಮವನ್ನು ಕೊಟ್ಟಂತಾಯಿತು.

ತೂಕದ ಕ್ರಮ

ಇಂಥವರನ್ನು ಅಳೆಯಲು ನಾಲ್ಕು ಪ್ರಶ್ನೆಗಳು ಸಾಕು. ಮಾಡಿದ ಕೆಡುಕನ್ನು ಮರೆಮಾಚದೆ ಹೇಳಿದನೆ? ಯಾವಾಗ ಹೇಳಿದನು? ಯಾರಿಗೆ ಹೇಳಿದನು? ಹೇಳಿದ ಮೇಲೆ ಏನನ್ನು ಬಿಟ್ಟುಕೊಟ್ಟನು?

ಮೊದಲನೆಯದರಲ್ಲಿ ಅಶೋಕನು ಗೆಲ್ಲುತ್ತಾನೆ. ಎರಡನೆಯದರಲ್ಲಿಯೂ ಆತನ ಸ್ಥಾನ ಹಿರಿದು. ಹೋಲಿಕೆಗಾಗಿ ನಮ್ಮ ಕಾಲಕ್ಕೆ ಹತ್ತಿರದ ಒಬ್ಬರನ್ನು ನೋಡಬಹುದು. 1961ರಿಂದ 1968ರವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿ ವಿಯೆಟ್ನಾಂ ಯುದ್ಧವನ್ನು ನಡೆಸಿದ ರಾಬರ್ಟ್ ಮ್ಯಾಕ್‌ನಮಾರ, ತಮ್ಮ ನಡೆ ತಪ್ಪಾಗಿತ್ತೆಂದು 1995ರ ಆತ್ಮಕಥನದಲ್ಲಿ ಬರೆದರು. ಅಷ್ಟರಲ್ಲಿ ಆ ಯುದ್ಧ ಮುಗಿದು ಇಪ್ಪತ್ತು ವರ್ಷ ಸಂದಿತ್ತು. ಮಾತಿನಿಂದ ಒಂದು ಜೀವವೂ ಉಳಿಯುವಂತಿರಲಿಲ್ಲ. ಅಶೋಕನಾದರೋ ಅಧಿಕಾರ ಕೈಯಲ್ಲಿರುವಾಗಲೇ, ಮತ್ತೊಂದು ಯುದ್ಧವನ್ನು ಮಾಡಬಲ್ಲ ಕಾಲದಲ್ಲಿಯೇ ನುಡಿದನು. ಮಕ್ಕಳು ಮೊಮ್ಮಕ್ಕಳು ಹೊಸ ವಿಜಯವನ್ನು ಬಯಸಬಾರದೆಂದು ಕಲ್ಲಿನಲ್ಲಿ ಬರೆಸಿದನು.

ಮೂರನೆಯದರಲ್ಲಿ ಆತನು ಸೋಲುತ್ತಾನೆ. ಮರುಕವನ್ನು ಗಾಂಧಾರದವರೆಗೆ ಕಳುಹಿಸಿದವನು ತೋಸಲಿಯ ಜನಕ್ಕೆ ಅದನ್ನು ಬರೆಸಲಿಲ್ಲ. ನಾಲ್ಕನೆಯದರ ಫಲ ಮಿಶ್ರವಾದುದು. ಕಳಿಂಗವು ಮೌರ್ಯರ ಕೈಯಲ್ಲಿಯೇ ಉಳಿಯಿತು. ಸಾಗಿಸಲ್ಪಟ್ಟ ಒಂದೂವರೆ ಲಕ್ಷ ಜನ ಮರಳಿದರೆಂಬ ಮಾತು ಯಾವ ಶಾಸನದಲ್ಲಿಯೂ ಇಲ್ಲ. ಮರಣದಂಡನೆ ರದ್ದಾಗಲಿಲ್ಲ, ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ದೊರೆಯಿತು. ಅರಮನೆಯ ಬಾಣಸಕ್ಕೆ ನಿತ್ಯ ಕೊಲ್ಲುತ್ತಿದ್ದ ಲಕ್ಷಾಂತರ ಪ್ರಾಣಿಗಳು ಎರಡು ನವಿಲು, ಒಂದು ಜಿಂಕೆಗೆ ಇಳಿದವು. ಮುಂದೆ ಅವನ್ನೂ ಕೊಲ್ಲುವುದಿಲ್ಲವೆಂದು ಶಾಸನ ಹೇಳುತ್ತದೆ. ಪೂರ್ಣವಾಗದ ಕೆಲಸವನ್ನು ಪೂರ್ಣವಾಯಿತೆಂದು ಬರೆಸದಿರುವುದು ಆತನ ದೊಡ್ಡ ಗುಣ.

ಆದುದರಿಂದ ಪಶ್ಚಾತ್ತಾಪವು ಸಾಲವನ್ನು ತೀರಿಸುವುದಿಲ್ಲ; ಸಾಲಪತ್ರಕ್ಕೆ ಸಾಲಗಾರನೇ ರುಜು ಹಾಕಿದಂತೆ ಅದು. ಇತರ ಅರಸರಲ್ಲಿ ಹೆಚ್ಚಿನವರು ಆ ಪತ್ರವನ್ನೇ ಸುಟ್ಟರು, ಇಲ್ಲವೆ ಅದರ ಮೇಲೆ ಪ್ರಶಸ್ತಿಯನ್ನು ಬರೆಸಿದರು. ಅಶೋಕನ ಹಿರಿಮೆಯಿರುವುದು ಆತನು ನಿರ್ದೋಷಿಯಾದುದರಲ್ಲಿ ಅಲ್ಲ. ಆತನ ಮೇಲಣ ಆರೋಪಕ್ಕೆ ಬೇಕಾದ ಪುರಾವೆಯನ್ನು ಆತನೇ ಉಳಿಸಿಹೋದುದರಲ್ಲಿ.

ಉಪಾಧ್ಯಾಯರು ಈ ಪಾಠವನ್ನು ಬೋಧಿಸುವಾಗ ಕಪ್ಪುಹಲಗೆಯ ಒಂದು ಕಡೆ ಹದಿಮೂರನೆಯ ಶಾಸನದ ಸಾರವನ್ನೂ, ಇನ್ನೊಂದು ಕಡೆ ಧೌಲಿ ಮತ್ತು ಸನ್ನತಿಯ ಪ್ರತ್ಯೇಕ ಶಾಸನಗಳ ಸಾರವನ್ನೂ ಬರೆದು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಯಾವುದೆಂದು ಮಕ್ಕಳನ್ನೇ ಕೇಳುವುದು ಉಚಿತ. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಸತ್ಯವನ್ನು ನುಡಿಯಬೇಕು ಎಂದು ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ಆ ಗೌರವಕ್ಕೆ ಅರ್ಹನಾಗಬೇಕಾದ ಆಚಾರ್ಯನು, ಚಕ್ರವರ್ತಿಯ ಕಣ್ಣೀರನ್ನು ಮಾತ್ರ ತೋರಿಸಿ ಕಳಿಂಗದ ಸೆರೆಯಾಳುಗಳನ್ನು ಮರೆಯಿಸಬಾರದು. ಸೆರೆಯಾಳುಗಳನ್ನು ತೋರಿಸುವಾಗ ಅವರ ಲೆಕ್ಕವನ್ನು ಬರೆಸಿದ ಕೈ ಯಾರದೆಂಬುದನ್ನೂ ಮರೆಯಿಸಬಾರದು.